ಇರುವವನಿಗೋ, ಹೋದವನಿಗೋ

ಫೆಬ್ರವರಿ 9

ಮಗಳೇ,

ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ, ಚೆನ್ನಾಗಿಲ್ಲ ಎಂದು ಬರೆದರೆ ನೀನು ಕೆಲಸ ಬಿಟ್ಟು ಬಸ್ಸು ಹತ್ತಿ ಬರುತ್ತೀಯ. ಅದಕ್ಕೇ ಎರಡನ್ನೂ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ. ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಅರ್ಧ. ಉಳಿದರ್ಧವನ್ನು ನಾನೇ ಊಹಿಸಿಕೊಂಡು ಅಳುತ್ತಾ ಕೂತೆ. ಈ ಕಿವಿ ಇಟ್ಟುಕೊಂಡು ಇಂಥ ಮಾತು ಫೋನಿನಲ್ಲಿ ಬೇಡ. ಇನ್ನು ಮೇಲೆ ಕಾಗದವೇ ಬರೆ.

ನನಗೆ ಅರ್ಥವಾದದ್ದು ಇಷ್ಟು. ನಮ್ಮ ಕುಳ್ಳನ ಹಡಗು ಬಿರುಗಾಳಿಗೆ ಸಿಕ್ಕಿದೆ. ಹೋದ ತಿಂಗಳ ಕೊನೆಯಿಂದ ಅದರ ಸುದ್ದಿಯೇ ಇಲ್ಲ. ಮುಳುಗಿತು ಎಂದು ಕಂಪನಿಯವರು ಹೇಳುತ್ತಿಲ್ಲ, ತೇಲುತ್ತಿದೆ ಎಂದೂ ಹೇಳುತ್ತಿಲ್ಲ. ತಪ್ಪಿದ್ದರೆ ತಿದ್ದು. ಆರಡಿಯ ಗಂಡನನ್ನು ಇನ್ನೂ ಕುಳ್ಳ ಅನ್ನುತ್ತೀರಲ್ಲ ಎಂದು ನಗಬೇಡ. ನನ್ನ ಕೈಗೆ ಬಂದಾಗ ಅವನು ಮೊಳದುದ್ದವೂ ಇರಲಿಲ್ಲ.

ಬೆಳಿಗ್ಗೆ ಚರ್ಚಿನ ಫಾದರ್ ಹತ್ತಿರ ಹೋಗಿ, ದಿನದ ಬಲಿಪೂಜೆಯಲ್ಲಿ ಅವನ ಹೆಸರು ಹೇಳಿ ಎಂದೆ. ಅವರು ಪೆನ್ನು ತೆಗೆದು, "ಬದುಕಿರೋರ ಜೊತೆ ಸೇರಿಸಲಾಮ್ಮ, ತೀರಿಹೋದೋರ ಜೊತೇನಾ?" ಅಂದರು. ಅಂದ ಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ಪಾಪ, ಹೊಸಬರು. ಪೂಜೆಗೆ ಹೆಸರು ಕೊಟ್ಟವರನ್ನೆಲ್ಲ ಹಾಗೆ ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಆಮೇಲೆ ಹೇಳುತ್ತೇನೆ ಎಂದು ಎದ್ದು ಬಂದೆ. ಇರುವವನಿಗೆ ಕೇಳುವುದು ಬೇರೆ, ಊಟ, ದಾರಿ, ರಕ್ಷಣೆ. ಹೋದವನಿಗೆ ಕೇಳುವುದು ಬೇರೆ, ಪಾಪಕ್ಕೆ ಕ್ಷಮೆ, ಬೆಳಕು, ವಿಶ್ರಾಂತಿ. ಮನೆಗೆ ಬಂದು ಎರಡನ್ನೂ ಒಟ್ಟಿಗೆ ಹೇಳಿ ನೋಡಿದೆ. "ಅವನನ್ನ ಬೇಗ ಕರ್ಕೊಂಡು ಬಾ" ಎಂದ ಬಾಯಲ್ಲೇ "ಅವನಿಗೆ ನಿತ್ಯ ವಿಶ್ರಾಂತಿ ಕೊಡು" ಎಂದರೆ, ದೇವರ ಕಥೆ ಇರಲಿ, ನನಗೇ ತಲೆ ಕೆಟ್ಟುಹೋಯಿತು.

ಅದಕ್ಕೇ ಕೆಲಸ ಹಂಚಿಕೊಳ್ಳೋಣ. ಚರ್ಚಿನ ಪೂಜೆಗೆ ರೊಟ್ಟಿ ಮಾಡುವ ನಮ್ಮ ಅಡುಗೆಮನೆಯಲ್ಲಿ ನಾನು ಅದನ್ನು ಸುಡುವ ಕಬ್ಬಿಣದ ಅಚ್ಚು ನೋಡಿಕೊಳ್ಳುತ್ತೇನೆ, ಮೌನ ಸಿಸ್ಟರ್ ರೊಟ್ಟಿ ಕತ್ತರಿಸುತ್ತಾರೆ. (ಬೆಳಗಾದರೆ ಬಾಯಿ ಮುಚ್ಚದವರಾದ್ದರಿಂದ ಆ ಹೆಸರು.) ಒಬ್ಬರೇ ಎರಡಕ್ಕೂ ಕೈ ಹಾಕಿದರೆ ಪೂಜೆಯ ರೊಟ್ಟಿ ಒಂದೋ ಸೀಯುತ್ತದೆ, ಇಲ್ಲವೇ ಒಡೆಯುತ್ತದೆ. ಹಾಗೆಯೇ ಇದೂ. ಹೋದವನಿಗೆ ಹೇಳುವ ಪ್ರಾರ್ಥನೆ ನಾನು ಹೇಳುತ್ತೇನೆ. ಗಂಡ ಹೋದಾಗ ಹೇಳಿದ್ದೇನೆ, ದೊಡ್ಡ ಮಗಳು ಹೋದಾಗ ಹೇಳಿದ್ದೇನೆ, ನನ್ನ ಬಾಯಿಗೆ ಅದು ಹೊಸದಲ್ಲ. ನಿನ್ನ ಬಾಯಿಗೆ ಅದರ ರೂಢಿ ಆಗುವುದು ಬೇಡ. ಇರುವವನಿಗೆ ಹೇಳುವುದು ನಿನ್ನ ಪಾಲು. ಅವನು ಎಲ್ಲೇ ಇದ್ದರೂ ಇಬ್ಬರಲ್ಲಿ ಒಬ್ಬರದ್ದು ಅವನಿಗೆ ಮುಟ್ಟುತ್ತದೆ. ಒಪ್ಪಿಗೆ ತಾನೇ?

ನಿನ್ನ ಅತ್ತೆ

•

ಫೆಬ್ರವರಿ 17

ಅತ್ತೆ,

ನಿಮಗೆ ಕೇಳಿಸಿದ್ದು ಸರಿಯಾಗಿಯೇ ಇದೆ. ತಿದ್ದುವುದಕ್ಕೆ ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು.

ನೀವು ಕೊಟ್ಟ ಪಾಲಿನ ವಿಷಯ. ನನಗೆ ಪ್ರಾರ್ಥನೆ ಬರುವುದಿಲ್ಲ ಅತ್ತೆ. ವಿನಯಕ್ಕೆ ಹೇಳುತ್ತಿಲ್ಲ. ಮದುವೆಗೆ ಮುಂಚೆ ಧರ್ಮೋಪದೇಶದ ತರಗತಿಯಲ್ಲಿ ಕಲಿತದ್ದನ್ನೆಲ್ಲ, ನನ್ನ ವಿದ್ಯಾರ್ಥಿಗಳು ರಸ್ತೆಯ ಚಿಹ್ನೆಗಳನ್ನು ಉರುಹೊಡೆಯುತ್ತಾರಲ್ಲ, ಹಾಗೆ ಕಲಿತೆ. ದೇವರು ಒಬ್ಬನೇ, ಆದರೆ ಪಿತ, ಸುತ, ಪವಿತ್ರಾತ್ಮ ಎಂದು ಮೂವರು. ಎಲ್ಲ ಕಡೆ ಇದ್ದಾನೆ, ಎಲ್ಲ ಬಲ್ಲ, ಎಲ್ಲ ಮಾಡಬಲ್ಲ. ನನ್ನನ್ನು ಯಾಕೆ ಸೃಷ್ಟಿಸಿದ ಎಂಬುದಕ್ಕೂ ಒಂದು ಉತ್ತರವಿತ್ತು, ಅದನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಪಾಸಾದೆ, ದೀಕ್ಷಾಸ್ನಾನವಾಯಿತು, ಮದುವೆಯಾಯಿತು. ಆಮೇಲೆ ಭಾನುವಾರಗಳಲ್ಲಿ ನಿಮ್ಮ ಮಗನ ಪಕ್ಕ ನಿಂತು ತುಟಿ ಅಲ್ಲಾಡಿಸಿದ್ದೇನೆ, ಅಷ್ಟೇ.

ಇನ್ನೊಂದು ಸಂಗತಿ ತಲೆಯಿಂದ ಹೋಗುತ್ತಿಲ್ಲ. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನನ್ನ ಕಾಲಿನ ಹತ್ತಿರವೂ ಒಂದು ಬ್ರೇಕ್ ಇದೆ. ಸ್ಟಿಯರಿಂಗ್ ಕಲಿಯುವವರ ಕೈಯಲ್ಲಿ, ಆದರೆ ಲಾರಿ ಎದುರಿಗೆ ಬಂದರೆ ನಾನು ಒತ್ತುತ್ತೇನೆ. ಒತ್ತದೆ ಕೂತರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ದೇವರ ಕಾಲಿನ ಹತ್ತಿರವೂ ಅಂಥದ್ದು ಇರಬೇಕಲ್ಲ? ಎಲ್ಲ ಮಾಡಬಲ್ಲವನಿಗೆ ಅದೊಂದು ಇಲ್ಲವೇ? ಇದ್ದರೆ ಬಿರುಗಾಳಿಯ ದಿನ ಯಾಕೆ ಒತ್ತಲಿಲ್ಲ?

ಇಂಥ ಸೊಸೆಗೆ ನೀವು ಪ್ರಾರ್ಥನೆ ವಹಿಸಿದ್ದೀರಿ. ನೀವು ಹೇಳಿದಿರಿ ಎಂದು ಒಪ್ಪಿಕೊಂಡಿದ್ದೇನೆ. ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ನಿಮ್ಮ ಸೊಸೆ

•

ಫೆಬ್ರವರಿ 26

ಮಗಳೇ,

ವಿನಯಕ್ಕೆ ಹೇಳುತ್ತಿಲ್ಲ ಎಂದು ಹೇಳುವುದೇ ದೊಡ್ಡ ವಿನಯ. ನನಗೆ ಗೊತ್ತಿಲ್ಲವೇ ನೀನು? ಪಾಯಸ ಕೆಟ್ಟಿದೆ ಅನ್ನುತ್ತಾ ಬಡಿಸುವವಳು, ಕೆಟ್ಟಿದ್ದು ನಾನಂತೂ ಕಂಡಿಲ್ಲ. ಪ್ರಾರ್ಥನೆ ಯಾರಿಗೂ ಬರುವುದಿಲ್ಲ ಕಣೆ. ಬರುತ್ತದೆ ಅನ್ನುವವರನ್ನು ನೋಡಿದರೆ ನನಗೆ ಭಯ. ನೀನು ನಿನ್ನ ಪಾಲನ್ನು ಹಾಗೇ ನಡೆಸು, ನಾನು ನನ್ನದನ್ನು ಬೆಳಿಗ್ಗೆ ಸಂಜೆ ಹೇಳುತ್ತಿದ್ದೇನೆ. ನಿನ್ನ ಕಡೆಯದ್ದು ಗಟ್ಟಿಯಾಗಿದೆ ಎಂಬ ಧೈರ್ಯಕ್ಕೇ ನನ್ನದನ್ನು ಹೇಳಲು ಬಾಯಿ ಬರುತ್ತಿದೆ.

ಬ್ರೇಕಿನ ವಿಷಯವನ್ನು ಫಾದರ್ ಹತ್ತಿರ ಕೇಳಿದೆ. ಬೆಳಗಿನ ತಿಂಡಿಗೆ ಕೂತಿದ್ದರು. "ನಿಮ್ಮ ಸೊಸೆಗೆ ಹೇಳಿ, ದೇವರು ಬರೀ ಪಕ್ಕದಲ್ಲಿ ಕೂತಿಲ್ಲ. ಸುತನಾಗಿ, ಮನುಷ್ಯನಾಗಿ ಬಂದು ಕಲಿಯೋರ ಸೀಟಲ್ಲೇ ಕೂತ. ಶಿಲುಬೆ ಅನ್ನೋ ಅಪಘಾತದಲ್ಲಿ ತಾನೇ ಸತ್ತ" ಅಂದರು. ಚೆನ್ನಾಗಿದೆ ಅನ್ನಿಸಿತು. ಮೆಟ್ಟಿಲು ಇಳಿಯುವಾಗ ಅನುಮಾನ ಬಂದು ವಾಪಸ್ ಹೋದೆ.

"ಹಾಗಾದ್ರೆ ಅವತ್ತು ಬ್ರೇಕ್ ಹತ್ರ ಇದ್ದೋರು ಯಾರು ಫಾದರ್?"

"ಪಿತ."

"ಸ್ವಂತ ಮಗನಿಗೂ ಒತ್ತಲಿಲ್ವಾ?"

ಅವರು ಬ್ರೆಡ್ಡಿನ ಕಡೆ ನೋಡಿದರು. "ಅಮ್ಮಾ, ಟೀ ಕುಡೀತೀರಾ?" ಅಂದರು. ಕುಡಿದು ಬಂದೆ. ಟೀ ಚೆನ್ನಾಗಿತ್ತು, ನನ್ನ ಗೊಂದಲ ಹಾಗೇ ಇದೆ. ನಿನಗೇನಾದರೂ ಹೊಳೆದರೆ ಬರೆ.

ನಿನ್ನ ಅತ್ತೆ

•

ಏಪ್ರಿಲ್ 30

ಅತ್ತೆ,

ಬರೆಯದೆ ಎರಡು ತಿಂಗಳಾಯಿತು, ಬೈಯಿರಿ. ಕಂಪನಿಯವರು ಹುಡುಕುವುದನ್ನು ನಿಲ್ಲಿಸಿದ್ದಾರೆ. ಹಡಗು ಮುಳುಗಿರುವುದು ಖಚಿತ ಎಂದರು. ಜನರ ಬಗ್ಗೆ ಕೇಳಿದರೆ ಅಲ್ಲಿನ ಆಫೀಸರು ಕನ್ನಡಕ ಒರೆಸಿಕೊಳ್ಳುತ್ತಾರೆ.

ವಿಚಿತ್ರ ಕೇಳಿ. ಅವರು ಹುಡುಕುವುದನ್ನು ನಿಲ್ಲಿಸಿದ ದಿನದಿಂದ ನನಗೆ ಆಸೆ ಶುರುವಾಗಿದೆ. ಮೊದಲು ಇರಲೇ ಇಲ್ಲ. ಕೈಕಾಲು ಮರಗಟ್ಟಿದಂತೆ ಕ್ಲಾಸಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಈಗ ನಿಮ್ಮ ಮಗನ ಬೂಟುಗಳಿಗೆ ಪಾಲಿಶ್ ಹಾಕಿಟ್ಟಿದ್ದೇನೆ. ಒಬ್ಬ ವಿದ್ಯಾರ್ಥಿ ಇಳಿದು ಇನ್ನೊಬ್ಬ ಹತ್ತುವವರೆಗೆ ಕಾರಿನಲ್ಲಿ ಒಬ್ಬಳೇ ಇರುತ್ತೇನಲ್ಲ, ಆಗ ಅವರ ಜೊತೆ ಮಾತಾಡುತ್ತೇನೆ. "ಸಾಕು, ಬನ್ನಿ ಇನ್ನು" ಅನ್ನುತ್ತೇನೆ. ಮನೆಯ ನಲ್ಲಿ ಸೋರುವುದನ್ನೂ ಹೇಳುತ್ತೇನೆ. ಎಂಜಿನ್ ರೂಮಿನ ಮಿಸ್ತ್ರಿಯ ಮನೆಯಲ್ಲಿ ನಲ್ಲಿ ಸೋರುವುದು ಅವರಿಗೆ ಅವಮಾನ, ಅದಕ್ಕಾದರೂ ಬರಬಹುದು.

ನೀವು ಕೊಟ್ಟ ಪಾಲು ನನ್ನ ಮೇಲೆ ಕೂತುಬಿಟ್ಟಿದೆ ಅನ್ನಿಸುತ್ತದೆ. ದೇವರಿಗೆ ಒಂದು ಮಾತೂ ಹೇಳಿಲ್ಲ, ಆದರೆ ಅವರು ಇದ್ದಾರೆ ಎಂದು ನಂಬುವ ಕೆಲಸ ನನ್ನದೇ ಎಂದು ಬೆಳಿಗ್ಗೆ ಏಳುತ್ತೇನೆ.

ನಿಮ್ಮ ಸೊಸೆ

•

ಮೇ 12

ಮಗಳೇ,

ನಿನ್ನ ಕಾಗದ ಓದಿ ಸಂತೋಷವೂ ಆಯಿತು, ಕರುಳೂ ಚುರ್ ಎಂದಿತು. ಹೇಗೆ ಹೇಳಲಿ ಎಂದು ಒದ್ದಾಡಿ ಕೊನೆಗೆ ಹೇಳಿಯೇ ಬಿಡುತ್ತಿದ್ದೇನೆ, ಕೋಪ ಮಾಡಿಕೊಳ್ಳಬೇಡ.

ಮೂರು ತಿಂಗಳಿಂದ ಹೋದವನ ಪ್ರಾರ್ಥನೆಯನ್ನೇ ಹೇಳುತ್ತಿದ್ದೇನಲ್ಲ. ಮೊದಮೊದಲು ಬಾಯಿ ಮಾತ್ರ ಹೇಳುತ್ತಿತ್ತು, ಮನಸ್ಸು ಬಾಗಿಲ ಕಡೆ ನೋಡುತ್ತಿತ್ತು. ಈಗ ಮನಸ್ಸೂ ಬಂದು ಬಾಯಿಯ ಪಕ್ಕ ಕೂತಿದೆ. ಕುಳ್ಳ ದೇವರ ಹತ್ತಿರ ಇದ್ದಾನೆ ಅನ್ನಿಸುತ್ತದೆ. ನಿದ್ದೆ ಬರುತ್ತಿದೆ. ರೊಟ್ಟಿ ಸೀಯುತ್ತಿಲ್ಲ. ಹಿಟ್ಟು ನೀರು ಬಿಟ್ಟು ಬೇರೇನೂ ಸೇರದ ರೊಟ್ಟಿ ಅದು, ಕೈ ನಡುಗಿದರೆ ಕೂಡಲೇ ತೋರಿಸಿಕೊಡುತ್ತದೆ. ನನ್ನ ಕೈ ಈಗ ನಡುಗುವುದಿಲ್ಲ.

ಅವನಿಗಾಗಿ ಮರಣದ ಪೂಜೆ ಮಾಡಬಹುದು ಎಂದು ಫಾದರ್ ಹೇಳುತ್ತಿದ್ದಾರೆ. ದೇಹ ಸಿಗದಿದ್ದರೂ ಮಾಡುವುದುಂಟಂತೆ. ಆದರೆ ಹೆಂಡತಿ ಒಪ್ಪದೆ ಮಾಡುವುದಿಲ್ಲ ಅಂದರು. ಸರಿಯಾದ ಮಾತು. ಜೂನ್ ಮೊದಲ ಶನಿವಾರ ಆಗಬಹುದೇ? ನೀನು ಬಾ. ಒಟ್ಟಿಗೆ ಕೂತು ಅತ್ತು, ಒಟ್ಟಿಗೆ ಊಟ ಮಾಡೋಣ.

ನಿನ್ನ ಅತ್ತೆ

•

ಮೇ 20

ಅತ್ತೆ,

ಇಲ್ಲ. ಒಪ್ಪುವುದಿಲ್ಲ.

ಅವರು ಇದ್ದಾರೆ ಎಂದು ನಂಬುವ ಕೆಲಸವನ್ನು ನನ್ನ ತಲೆಗೆ ಕಟ್ಟಿದ್ದು ನೀವು. ಈಗ ನಿಮಗೆ ನಿದ್ದೆ ಬರುತ್ತಿದೆ ಎಂದು ನನ್ನ ಗಂಡನನ್ನು ಹೂಳಬೇಕೇ? ದಿನಕ್ಕೆರಡು ಸಲ ಸತ್ತ, ಸತ್ತ ಎಂದು ಹೇಳಿಕೊಂಡು ನೀವೇ ಅವರನ್ನು ಸಾಯಿಸಿದ್ದೀರಿ. ಹೆತ್ತ ತಾಯಿಗೆ ಹೇಗೆ ಮನಸ್ಸು ಬಂತು?

ಪೂಜೆಯೂ ಬೇಡ, ಊಟವೂ ಬೇಡ. ನಾನು ಬರುವುದಿಲ್ಲ.

•

ಜುಲೈ 8

ಅತ್ತೆ,

ಹೋದ ಸಲ ಬರೆದದ್ದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ. ನೀವು ಉತ್ತರ ಬರೆಯದೆ ಇದ್ದದ್ದು ಸರಿಯಾಗಿಯೇ ಇದೆ. ಆದರೆ ಇದನ್ನು ಬರೆಯದೆ ಇರಲಾಗುವುದಿಲ್ಲ. ಕೂತುಕೊಂಡು ಓದಿ.

ಹಡಗಿನ ಒಂದು ರಕ್ಷಣಾ ದೋಣಿ ಸಿಕ್ಕಿದೆ. ದೂರದ ದಡವೊಂದಕ್ಕೆ ಖಾಲಿಯಾಗಿ ಬಂದು ತಾಗಿತ್ತಂತೆ. ಕಂಪನಿಯ ಆಫೀಸಿಗೆ ಕರೆಸಿ ಫೋಟೋ ತೋರಿಸಿದರು. ಒಳಗೆ ನಿಮ್ಮ ಮಗನ ಎಂಜಿನ್ ರೂಮಿನ ಅಂಗಿ ಇತ್ತು, ಜೇಬಿನ ಮೇಲೆ ಹೆಸರಿದೆ. ಮಡಿಸಿಟ್ಟಿದ್ದರು. ದೋಣಿಯ ಅಂಚಿನಲ್ಲಿ ಯಾರೋ ದಿನಕ್ಕೊಂದು ಗೆರೆ ಗೀಚಿದ್ದಾರೆ. ಕಂಪನಿಯವರು ಎಣಿಸಿದ್ದಾರೆ, ನನಗೆ ಎಣಿಸಲಾಗಲಿಲ್ಲ. ಹೆಚ್ಚುಕಡಿಮೆ ಫೆಬ್ರವರಿ ಮುಗಿಯುವವರೆಗೂ ದೋಣಿಯಲ್ಲಿ ಜನ ಬದುಕಿದ್ದರು. ಆಮೇಲೆ ಏನಾಯಿತು ಎಂದು ಯಾರಿಗೂ ಗೊತ್ತಿಲ್ಲ. ಬೇರೆ ಹಡಗು ಹತ್ತಿಸಿಕೊಂಡಿದ್ದರೆ ಇಷ್ಟರಲ್ಲಿ ತಿಳಿಯುತ್ತಿತ್ತು ಎನ್ನುತ್ತಾರೆ.

ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದರೆ, ನನಗೆ ಇದ್ದ ದೊಡ್ಡ ಹೆದರಿಕೆ ಅವರು ಆ ಎಂಜಿನ್ ರೂಮಿನ ಕತ್ತಲಲ್ಲೇ ಹೋಗಿಬಿಟ್ಟರೇನೋ ಎಂದು. ಹಾಗಾಗಲಿಲ್ಲ ಅತ್ತೆ. ಮೇಲೆ ಬಂದಿದ್ದರು. ಆಕಾಶ ಕಂಡಿದ್ದರು. ಅಷ್ಟು ದಿನ ಬದುಕಿದ್ದರು. ನಿಮಗೂ ಇದು ಸಮಾಧಾನ ತರುತ್ತದೆ ಎಂದು ಓಡಿ ಬಂದು ಬರೆಯುತ್ತಿದ್ದೇನೆ.

ನಿಮ್ಮ ಸೊಸೆ

•

ಆಗಸ್ಟ್ 5

ಅತ್ತೆ,

ಕಾಗದ ತಲುಪಿತೇ? ಚರ್ಚಿನ ಆಫೀಸಿಗೆ ಫೋನ್ ಮಾಡಿದೆ. ನೀವು ಅಡುಗೆಮನೆಗೆ ಬರುತ್ತಿಲ್ಲ, ಪಕ್ಕದ ಪಟ್ಟಣದಿಂದ ರೊಟ್ಟಿ ತರಿಸುತ್ತಿದ್ದೇವೆ ಅಂದರು. ಮೌನ ಸಿಸ್ಟರ್‌ಗೆ ಫೋನ್ ಕೊಟ್ಟರು. ಅವರು ನಿಜವಾಗಿಯೂ ಮಾತಾಡಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಗಿದೆ. ಬೈಯುವುದಾದರೂ ಸರಿ, ಎರಡು ಸಾಲು ಬರೆಯಿರಿ.

•

ಆಗಸ್ಟ್ 19

ಮಗಳೇ,

ನಿನ್ನ ಮೇಲೆ ಕೋಪವಿಲ್ಲ. ಮೇ ತಿಂಗಳಲ್ಲಿ ಇತ್ತು, ಈಗ ನೀನು ಹೇಳಿದ್ದೇ ಸರಿ ಅನ್ನಿಸುತ್ತದೆ.

ಲೆಕ್ಕ ನೀನೇ ಹಾಕು. ಅವನು ದೋಣಿಯಲ್ಲಿ ಬಾಯಾರಿ ಕೂತಿದ್ದಾಗ, ಅವನ ತಾಯಿ ಇಲ್ಲಿ ಒಣಗಿದ ಸೀರೆ ಉಟ್ಟು, ಹೊಟ್ಟೆ ತುಂಬಾ ತಿಂದು, "ಅವನಿಗೆ ನಿತ್ಯ ವಿಶ್ರಾಂತಿ ಕೊಡು" ಅನ್ನುತ್ತಿದ್ದಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನನ್ನ ಮಗು ನೀರು ಕೇಳುತ್ತಿತ್ತು, ನಾನು ಅದಕ್ಕೆ ಸಾವು ಕೇಳುತ್ತಿದ್ದೆ. ದೇವರು ಎಲ್ಲ ಕೇಳಿಸಿಕೊಳ್ಳುತ್ತಾನೆ ಎಂದು ಚಿಕ್ಕಂದಿನಿಂದ ನಂಬಿದ್ದೇನೆ. ಅದೇ ಈಗ ಹೆದರಿಸುತ್ತಿದೆ. ಕೇಳಿಸಿಕೊಂಡು ಕೊಟ್ಟೇಬಿಟ್ಟನೇ? ತಾಯಿ ಇಷ್ಟು ಕೇಳುತ್ತಿದ್ದಾಳೆ, ಆಗಲಿ ಅಂದನೇ?

ಅಚ್ಚಿನ ಮುಂದೆ ನಿಂತರೆ ಕೈ ನಿಲ್ಲುವುದಿಲ್ಲ. ಆ ರೊಟ್ಟಿಯೇ ದೇವರ ಶರೀರ ಆಗುತ್ತದೆ, ಅದನ್ನು ಮಾಡುವ ಕೈ ಇದು. ಮಗನನ್ನು ಕಾಲಕ್ಕೆ ಮುಂಚೆ ಕಳಿಸಿದ ಕೈಯಿಂದ ಅದನ್ನು ಹೇಗೆ ಮುಟ್ಟಲಿ?

ಒಂದೇ ಆಸರೆ ನೀನು. ನಾನು ಆ ಕಡೆ ತಳ್ಳುತ್ತಿದ್ದಾಗ ನೀನು ಈ ಕಡೆ ಹಿಡಿದು ಎಳೆಯುತ್ತಿದ್ದೆ. ಅಷ್ಟು ದಿನ ಅವನು ಬದುಕಿದ್ದರೆ ಅದು ನಿನ್ನ ಪ್ರಾರ್ಥನೆಯಿಂದ. ಪುಣ್ಯವಂತೆ, ನೀನಿದ್ದೆ.

ನಿನ್ನ ಅತ್ತೆ

•

ಆಗಸ್ಟ್ 25

ಅತ್ತೆ,

ನಿಮ್ಮ ಕಾಗದವನ್ನು ಕಾರಿನಲ್ಲಿ ಓದಿದೆ. ಆ ದಿನದ ಉಳಿದ ಕ್ಲಾಸುಗಳನ್ನು ಬಿಟ್ಟು ಮನೆಗೆ ಬಂದೆ.

ನಾನು ಪ್ರಾರ್ಥನೆ ಮಾಡಿಲ್ಲ. ಫೆಬ್ರವರಿಯಲ್ಲೇ ಬರೆದಿದ್ದೆ, ನೀವು ವಿನಯ ಅಂದಿರಿ. ಏಪ್ರಿಲ್‌ನಲ್ಲಿ ಮತ್ತೆ ಬರೆದೆ, ದೇವರಿಗೆ ಒಂದು ಮಾತೂ ಹೇಳಿಲ್ಲ ಎಂದು. ಅದನ್ನೂ ನೀವು ಓದಿ ಪಕ್ಕಕ್ಕಿಟ್ಟಿರಿ. ಆ ದಿನಗಳಲ್ಲಿ ನಾನು ಮಾಡಿದ್ದು ಇಷ್ಟು: ಒಬ್ಬ ದರ್ಜಿಗೂ ಇಬ್ಬರು ಕಾಲೇಜು ಹುಡುಗಿಯರಿಗೂ ಕಾರನ್ನು ಹಿಂದಕ್ಕೆ ತೆಗೆದು ನಿಲ್ಲಿಸುವುದನ್ನು ಕಲಿಸಿದೆ. ಎಡಕ್ಕೆ ತಿರುಗಿಸಿ, ಕನ್ನಡಿ ನೋಡಿ, ನಿಧಾನ ಎಂದೆ. ನಿಮ್ಮ ಮಗನಿಗಾಗಿ ಏನೂ ಕೇಳಲಿಲ್ಲ. ಆಸೆಯೂ ಇರಲಿಲ್ಲ, ಅದು ಬಂದದ್ದು ಆಮೇಲೆ. ದೋಣಿ ಖಾಲಿಯಾದ ಮೇಲೆ.

ಅಂದರೆ ಆ ದಿನಗಳಲ್ಲಿ ಇರುವವನಿಗಾಗಿ ಕೇಳುವವರು ಯಾರೂ ಇರಲಿಲ್ಲ. ನೀವು ಹಂಚಿದ ಕೆಲಸದಲ್ಲಿ ನಿಮ್ಮ ಅರ್ಧವನ್ನು ನೀವು ಮಾಡಿದಿರಿ, ನನ್ನ ಅರ್ಧ ಹಾಗೇ ಬಿದ್ದಿತ್ತು. ನನ್ನ ಮೇಲೆ ನಿಮಗಿದ್ದ ನಂಬಿಕೆಯನ್ನು ಹಾಗೇ ಬಿಟ್ಟುಬಿಡಬಹುದಿತ್ತು, ನಿಮಗೆ ಒಂದು ಆಸರೆ ಉಳಿಯುತ್ತಿತ್ತು. ಕೈ ಬರಲಿಲ್ಲ.

ಆದರೆ ಇದನ್ನೂ ಹೇಳುತ್ತೇನೆ. ನಿಮ್ಮ ಪ್ರಾರ್ಥನೆ ಕೇಳಿ ದೇವರು ಅವರನ್ನು ಸಾಯಿಸಿದ ಎನ್ನುವುದಾದರೆ ನನಗೆ ಅಂಥ ದೇವರು ಬೇಡ. ಕಲಿಯುವವನು ಗಾಬರಿಯಲ್ಲಿ ಬ್ರೇಕ್ ಎಂದುಕೊಂಡು ಬೇರೇನೋ ತುಳಿದರೆ, ಅವನು ಏನು ಮಾಡಹೊರಟಿದ್ದ ಎಂದು ನನಗೇ ಗೊತ್ತಾಗುತ್ತದೆ. ದೇವರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ?

ಏನು ಬರೆಯುತ್ತಿದ್ದೇನೋ ತಿಳಿಯುತ್ತಿಲ್ಲ. ನಂಬದವಳು ದೇವರ ಪರ ವಾದ ಮಾಡುತ್ತಿದ್ದೇನೆ. ನಿಮಗೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಅರ್ಥ ಮಾಡಿಕೊಳ್ಳುತ್ತೇನೆ.

•

ಸೆಪ್ಟೆಂಬರ್ 21

ಮಗಳೇ,

ನಿನಗೆ ಮೂರು ಕಾಗದ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳ. ನಾನು ಬಾಯಿ ಬಿಟ್ಟು ಬೈದರೆ ಹೇಗಿರುತ್ತದೆ ಎಂದು ನಿನ್ನ ಗಂಡನಿಗೆ ಗೊತ್ತಿತ್ತು. ಎರಡನೆಯದೂ ಅದೇ. ಮೂರನೆಯದನ್ನು ಬರೆಯುವಾಗ ನನ್ನ ಮೇಲೇ ಕೋಪ ಬಂತು. ಎರಡು ಸಲ ನೀನು ಬಾಯಿ ಬಿಟ್ಟು ಹೇಳಿದರೂ ಕೇಳಿಸಿಕೊಳ್ಳಲಿಲ್ಲ. ಕಿವಿ ಹೋಗಿದೆ ಎಂದು ಕಾಗದ ಬರೆಸಿಕೊಂಡೆ, ಕಾಗದದಲ್ಲೂ ನನಗೆ ಬೇಕಾದದ್ದನ್ನೇ ಓದಿಕೊಂಡೆ.

ಆಮೇಲೆ ಫಾದರ್ ಹತ್ತಿರ ಹೋದೆ. ಎಲ್ಲ ಹೇಳಿದೆ. ಈ ಸಲ ಅವರು ಟೀ ಕೊಡಲಿಲ್ಲ. ಅವರ ಕಣ್ಣಲ್ಲೂ ನೀರಿತ್ತು.

"ಅಮ್ಮಾ, ದಿನಗಳು ನಮಗೆ ಒಂದಾದ ಮೇಲೆ ಒಂದು ಬರುತ್ವೆ. ದೇವರಿಗೆ ಹಾಗಲ್ಲ. ನಿನ್ನೆ, ಇವತ್ತು, ನಾಳೆ ಎಲ್ಲಾ ಅವನ ಮುಂದೆ ಒಟ್ಟಿಗೇ ಇರುತ್ತೆ. ನಮ್ಮ ಧರ್ಮಸಭೆಯಲ್ಲಿ ಮೊದಲಿಂದ ಹಾಗೇ ಹೇಳ್ಕೊಂಡು ಬಂದಿದ್ದಾರೆ."

"ಹಾಗಾದ್ರೆ ನಾನು ಇವತ್ತು ಕೇಳೋದು ದೇವರಿಗೆ ಫೆಬ್ರವರಿಯಲ್ಲೇ ಕೇಳಿಸಿರುತ್ತಾ?"

"ಕೇಳಿಸಿರಲ್ಲ ಅನ್ನೋಕೆ ನನ್ನ ಹತ್ರ ಕಾರಣ ಇಲ್ಲಮ್ಮ."

"ಹಾಗಾದ್ರೆ ನನ್ನ ಮಗ ಬದುಕಿ ಬರ್ಲಿ ಅಂತಾನೂ ಕೇಳಬಹುದಾ?"

"ಏನಾಯ್ತು ಅಂತ ನಮಗೆ ಗೊತ್ತಿಲ್ಲದೆ ಇರೋವರೆಗೆ ಕೇಳಬಹುದು. ಆದರೆ..."

"ಆದರೆ ಏನು?"

"ಗೊತ್ತಿಲ್ಲಮ್ಮ. ನಿಜವಾಗ್ಲೂ ಗೊತ್ತಿಲ್ಲ."

ಫಾದರ್ ಗೊತ್ತಿಲ್ಲ ಎಂದಾಗ ನನಗೆ ಯಾಕೋ ಅವರ ಮೇಲೆ ಮೊದಲ ಸಲ ನಂಬಿಕೆ ಬಂತು.

ಅವತ್ತಿನಿಂದ ನಾನು ಪಾಲು ಬದಲಾಯಿಸಿದ್ದೇನೆ. ನೀನು ಬಿಟ್ಟ ಅರ್ಧವನ್ನು ಈಗ ನಾನು ಹೇಳುತ್ತಿದ್ದೇನೆ. ಕಣ್ಣು ಮುಚ್ಚಿ ಆ ದೋಣಿಯ ಹತ್ತಿರ ಹೋಗಿ ಕೂರುತ್ತೇನೆ. ಹೋದವನಿಗೆ ಅಲ್ಲ, ಅಲ್ಲಿ ಇರುವ ಕುಳ್ಳನಿಗೆ ಕೇಳುತ್ತೇನೆ. ಅವನು ಬರಲಿ ಎಂದು ಕೇಳುವುದಕ್ಕೆ ಧೈರ್ಯ ಸಾಲದು, ಆ ಖಾಲಿ ದೋಣಿ ಕಣ್ಣ ಮುಂದೆ ಬರುತ್ತದೆ. ಮಳೆ ಕೇಳುತ್ತೇನೆ. ಸ್ವಲ್ಪ ಮಳೆ ಬರಲಿ, ಅವರ ಬಾಯಿಗೆ ನೀರು ಬೀಳಲಿ ಎಂದು. ಮುಗಿದುಹೋದ ಫೆಬ್ರವರಿಗೆ ಸೆಪ್ಟೆಂಬರಿನಲ್ಲಿ ಕೂತು ಮಳೆ ಕೇಳುವ ಮುದುಕಿಗೆ ತಲೆ ಸರಿಯಿಲ್ಲ ಎಂದು ನೀನು ಅಂದುಕೊಂಡರೆ ನಾನು ಜಗಳಕ್ಕೆ ಬರುವುದಿಲ್ಲ. ನನಗೂ ಆಗಾಗ ಹಾಗೇ ಅನ್ನಿಸುತ್ತದೆ.

ಮರಣದ ಪೂಜೆಯನ್ನು ನಿನಗೇ ಬಿಟ್ಟಿದ್ದೇನೆ. ಇನ್ನು ನಾನು ಅದರ ಮಾತೆತ್ತುವುದಿಲ್ಲ. ನೀನು ಬೇಡ ಎಂದರೆ ನಾನಿರುವವರೆಗೂ ಬೇಡ. ಬದುಕಿರುವವನಿಗೆ ಆ ಪೂಜೆ ಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. "ಏನೂ ಆಗಲ್ಲ, ಅವನು ಬಂದ ದಿನ ಎಲ್ಲರೂ ನಗ್ತೀವಿ" ಅಂದರು ಫಾದರ್. ಅದನ್ನು ಮಾತ್ರ ನಿನಗೆ ಹೇಳಬೇಕು ಅನ್ನಿಸಿತು.

ಮುಖ ನೋಡುವ ಮನಸ್ಸಿಲ್ಲದೆ ಏನು? ನನಗೆ ಉಳಿದಿರುವ ಮುಖ ನಿನ್ನದೊಂದೇ.

ನಿನ್ನ ಅತ್ತೆ

•

ಸೆಪ್ಟೆಂಬರ್ 29

ಅತ್ತೆ,

ನಿಮ್ಮ ಕಾಗದ ಓದಿದ ಮೇಲೆ ರಜೆ ಹಾಕಿ ಮತ್ತೆ ಕಂಪನಿಯ ಆಫೀಸಿಗೆ ಹೋದೆ. ಫೋಟೋಗಳನ್ನು ಇನ್ನೊಮ್ಮೆ ತೋರಿಸಿ ಎಂದೆ. ಜುಲೈಯಲ್ಲಿ ಅಂಗಿ ನೋಡಿದ ಮೇಲೆ ಉಳಿದವುಗಳನ್ನು ನೋಡಲಾಗದೆ ಎದ್ದು ಬಂದಿದ್ದೆ. ಈ ಸಲ ಎಲ್ಲವನ್ನೂ ನೋಡಿದೆ.

ದೋಣಿಯ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದಕ್ಕೆ ನೀರು ಇಳಿಯುವಂತೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಓರೆಯಾಗಿ ಕಟ್ಟಿದ್ದಾರೆ. ಪೈಪಿನ ಜಾಯಿಂಟಿಗೆ ದಾರ ಸುತ್ತುವ ಹಾಗೆ ಸುತ್ತಿದ್ದಾರೆ, ಅದು ನಿಮ್ಮ ಮಗನ ಕೈ, ಬೇರೆ ಯಾರದ್ದೂ ಅಲ್ಲ. ಡಬ್ಬಿಯ ತಳದಲ್ಲಿ ನೀರಿತ್ತಂತೆ. ಪರೀಕ್ಷೆ ಮಾಡಿಸಿದ್ದಾರೆ. ಉಪ್ಪು ನೀರಲ್ಲ, ಮಳೆ ನೀರು. ಆ ಕನ್ನಡಕದವರು, "ಆ ಭಾಗದಲ್ಲಿ ಫೆಬ್ರವರಿಯಲ್ಲಿ ಮಳೆ ಬರೋದು ಕಡಿಮೆ ಮೇಡಂ, ಆದ್ರೆ ಈ ಸಲ ಬಂದಿದೆ, ಹವಾಮಾನದ ದಾಖಲೆಯಲ್ಲಿದೆ" ಅಂದರು. ನಾನು ಮೆಟ್ಟಿಲು ಇಳಿದು ಬಂದೆ. ಬೀದಿಯಲ್ಲಿ ನಿಂತು ಅತ್ತುಬಿಟ್ಟೆ. ಹಾದುಹೋಗುವವರು ನೋಡಿಕೊಂಡು ಹೋದರು.

ಇದರ ಅರ್ಥ ಏನು ಎಂದು ನನ್ನನ್ನು ಕೇಳಬೇಡಿ. ಮಳೆ ಮೊದಲೇ ಬಂದಿತ್ತು, ನೀವು ಕೇಳಿದ್ದು ಆಮೇಲೆ. ಅಥವಾ ಫಾದರ್ ಹೇಳಿದ ಹಾಗೆ ಮೊದಲು ಆಮೇಲೆ ಎಂಬುದು ನಮಗೆ ಮಾತ್ರ. ನನಗೆ ದೇವರು ಅರ್ಥವಾಗಿಲ್ಲ. ಮಳೆ ಕೊಟ್ಟವನು ದಡ ಯಾಕೆ ಕೊಡಲಿಲ್ಲ ಎಂಬ ಕೋಪವೂ ಹೋಗಿಲ್ಲ. ಆದರೆ ಅವರ ಬಾಯಿಗೆ ನೀರು ಬಿದ್ದಿತ್ತು. ಅದನ್ನು ನಿಮಗೆ ಹೇಳದೆ ಊಟ ಸೇರಲಿಲ್ಲ.

ಪೂಜೆ ಮಾಡಿಸಿ. ಅಕ್ಟೋಬರ್ ಎರಡನೇ ಶನಿವಾರ ನನಗೆ ಆಗುತ್ತದೆ. ನನ್ನ ಗಂಡ ಸತ್ತಿದ್ದಾರೆ ಅತ್ತೆ. ಬರೆದು ನೋಡಿದೆ, ಕೈ ಬಂತು. ಶುಕ್ರವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಅವತ್ತಿನ ರೊಟ್ಟಿಯನ್ನು ನೀವೇ ಮಾಡಬೇಕು, ಬೇರೆ ಊರಿನದು ಬೇಡ. ಕೈ ನಡುಗಿದರೆ ನಾನು ಹಿಡಿದುಕೊಳ್ಳುತ್ತೇನೆ.

ಅಲ್ಲಿಯವರೆಗೆ ದೋಣಿಯ ಹತ್ತಿರ ಹೋಗುವುದನ್ನು ನಿಲ್ಲಿಸಬೇಡಿ. ನನಗೆ ಕೇಳಲು ಬರುವುದಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಮಳೆಯ ಜೊತೆಗೆ ಒಂದಿಷ್ಟು ಮೋಡವನ್ನೂ ಕೇಳಿ. ನೆರಳು ಬೇಕು. ಅವರಿಗೆ ಬಿಸಿಲು ಆಗುವುದಿಲ್ಲ.

ನಿಮ್ಮ ಸೊಸೆ